ಆರ್‌ಟಿಒವರೆಗೆ ಓಡಿಸಿಕೊಂಡು ಹೋಗಬಹುದಾ? 1966ರ ಒಂದು ಜಾವಾ ಬೈಕಿನ ಪ್ರಕರಣ

ಮೈಸೂರಿನ ಒಬ್ಬರ ಮನೆಯಲ್ಲಿ ಅವರ ತಂದೆಯ ಕಾಲದ ಜಾವಾ 250 ಬೈಕು ಇದೆ. 1966ರಲ್ಲಿ ನೋಂದಣಿಯಾದದ್ದು. ಎಷ್ಟೋ ವರ್ಷ ಹಿತ್ತಲಿನ ಶೆಡ್ಡಿನಲ್ಲೇ ನಿಂತಿತ್ತು. ಈಗ ರಿಪೇರಿ ಮುಗಿದಿದೆ, ಎರಡು ಕಿಕ್ಕಿಗೆ ಶುರುವಾಗುತ್ತದೆ. ಬಾಕಿ ಇರುವುದು ಆರ್‌ಟಿಒ ತಪಾಸಣೆ, ಆಮೇಲೆ ಚಾಲ್ತಿ ಆರ್‌ಸಿ. ಮನೆಯಿಂದ ಆರ್‌ಟಿಒಗೆ ಎಂಟು ಕಿಲೋಮೀಟರ್. ಈ ಎಂಟು ಕಿಲೋಮೀಟರ್ ಓಡಿಸಿಕೊಂಡು ಹೋಗಬಹುದಾ ಅನ್ನುವುದು ಅವರ ಪ್ರಶ್ನೆ.

ಹೋಗಬಾರದು. ಉತ್ತರ ಅಷ್ಟೇ. ಆದರೆ ಕಾರಣ ತಿಳಿಯದೆ ಈ ಉತ್ತರವನ್ನು ಯಾರೂ ಒಪ್ಪುವುದಿಲ್ಲ. ಹಳೇ ಗಾಡಿಗಳ ದಾಖಲೆ ಸರಿಮಾಡಿಸುವ ಕೆಲಸದಲ್ಲಿ ಪರಿಚಯದವರಿಗೆ ನೆರವಾಗುತ್ತಾ ಬಂದವನು ನಾನು. ನಾನು ನೋಡಿದ ಮಟ್ಟಿಗೆ ಜನ ಜಾಸ್ತಿ ಎಡವುವುದು ಇಲ್ಲೇ. ಅರ್ಜಿ ಸರಿಯಾಗಿರುತ್ತದೆ, ಗಾಡಿ ಚೆನ್ನಾಗಿರುತ್ತದೆ, ಶುಲ್ಕ ಕಟ್ಟಿರುತ್ತಾರೆ. ದಾರಿಯ ಬಗ್ಗೆ ಮಾತ್ರ ಯೋಚಿಸಿರುವುದಿಲ್ಲ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಮಾಲೀಕರ ಹೆಸರು ಬೇಡ, ಗಾಡಿಯ ಪೂರ್ತಿ ನಂಬರೂ ಬೇಡ.

ಗಾಡಿ ಮತ್ತು ಅದರ ಕಾಗದ

ಜಾವಾ ಅಂದರೆ ಮೈಸೂರಿಗರಿಗೆ ಊರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇಲ್ಲೇ ಯಾದವಗಿರಿಯಲ್ಲಿ ಶುರುವಾಯಿತು. 1973ರ ಹೊತ್ತಿಗೆ ಗಾಡಿಯ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಕಾರ್ಖಾನೆಯಲ್ಲಿ ದುಡಿದವರು, ಅವರ ಮಕ್ಕಳು ಇವತ್ತಿಗೂ ಊರಿನಲ್ಲಿದ್ದಾರೆ. ಹಾಗಾಗಿ ಇಲ್ಲಿ ಒಂದು ಹಳೇ ಜಾವಾ ಮತ್ತೆ ಗುಡುಗಿದರೆ ಬೀದಿಯವರೆಲ್ಲ ಹೊರಗೆ ಬಂದು ನೋಡುತ್ತಾರೆ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವ ಗಾಡಿ ಅದು. ಹೊಸ ಹುಡುಗರು ಅದನ್ನು ನೋಡುವುದಕ್ಕೇ ಬಂದು ನಿಲ್ಲುತ್ತಾರೆ.

ಈ ಗಾಡಿಯ ಕಾಗದಗಳಲ್ಲಿ ಮುಖ್ಯವಾದದ್ದು ಹಳೇ ಪುಸ್ತಕದ ಆರ್‌ಸಿ. ಮಡಿಕೆಗಳಲ್ಲಿ ಹರಿದು ಟೇಪ್ ಅಂಟಿಸಿದ್ದು. ಎಂವೈ ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್. ಹೆಸರು ಮಾಲೀಕರ ತಂದೆಯದ್ದು, ಅವರು ತೀರಿಕೊಂಡು ಬಹಳ ವರ್ಷವಾಗಿದೆ. ವಿಮೆ ಇಲ್ಲ, ಹೊಗೆ ತಪಾಸಣೆ ಸರ್ಟಿಫಿಕೇಟ್ ಇಲ್ಲ. ಸರ್ಕಾರದ ವಾಹನ್ ತಂತ್ರಾಂಶದಲ್ಲಿ ನಂಬರ್ ಹಾಕಿ ಹುಡುಕಿದರೆ ದಾಖಲೆ ಸಿಗಲಿಲ್ಲ. ಕಂಪ್ಯೂಟರ್ ಬರುವ ಮುಂಚೆಯೇ ಶೆಡ್ಡು ಸೇರಿದ ಗಾಡಿಗಳ ಕಥೆಯೆಲ್ಲ ಹೀಗೇ.

"ಆರ್‌ಸಿ ಇದ್ಯಲ್ಲ ಸರ್, ಮತ್ತೆ ನೋಂದಣಿ ಇಲ್ಲ ಅಂತ ಹೇಗ್ ಹೇಳ್ತೀರಿ?" ಎಂದರು ಮಾಲೀಕರು. ಪುಸ್ತಕದಲ್ಲಿ ಮುಕ್ತಾಯದ ದಿನಾಂಕ ಬರೆದಿರಲಿಲ್ಲ. ಜೀವನಪೂರ್ತಿ ನಡೆಯುತ್ತದೆ ಎಂದು ಅವರು ನಂಬಿದ್ದರು.

ಇದು ತುಂಬಾ ಜನರ ನಂಬಿಕೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು. ಈಗ ಜಾರಿಯಲ್ಲಿರುವುದು 1988ರ ಮೋಟಾರು ವಾಹನ ಕಾಯ್ದೆ. 1989ರ ಜುಲೈ 1ರಿಂದ ಜಾರಿಗೆ ಬಂತು. ಅದರ 41ನೇ ಕಲಮಿನ 7ನೇ ಉಪಕಲಮು ಖಾಸಗಿ ಗಾಡಿಯ ಆರ್‌ಸಿಗೆ 15 ವರ್ಷದ ಆಯಸ್ಸು ಇಟ್ಟಿದೆ. ಆರ್‌ಸಿ ಈ ಕಾಯ್ದೆ ಬರುವ ಮುಂಚೆ ಕೊಟ್ಟದ್ದಾಗಲಿ, ಆಮೇಲೆ ಕೊಟ್ಟದ್ದಾಗಲಿ, ಕೊಟ್ಟ ದಿನದಿಂದ 15 ವರ್ಷ ಎಂದು ಅಲ್ಲೇ ಬಿಡಿಸಿ ಹೇಳಿದೆ. ಅಂದರೆ 1966ರ ಆರ್‌ಸಿಯ 15 ವರ್ಷ 1981ಕ್ಕೇ ಮುಗಿದಿತ್ತು. ಹೊಸ ಕಾಯ್ದೆ ಬಂದ ದಿನವೇ ಅದು ನವೀಕರಣ ಕೇಳುವ ಸ್ಥಿತಿಯಲ್ಲಿತ್ತು. ಪುಸ್ತಕದಲ್ಲಿ ದಿನಾಂಕ ಇಲ್ಲ ಅಂದ ಮಾತ್ರಕ್ಕೆ ಆಯಸ್ಸು ಬೆಳೆಯುವುದಿಲ್ಲ.

ಹಾಗಂತ ಪುಸ್ತಕ ಕಸ ಅಲ್ಲ. ಈ ಪ್ರಕರಣದಲ್ಲಿ ಅತಿ ಬೆಲೆಬಾಳುವ ಕಾಗದ ಅದೇ. ಈ ಗಾಡಿ ಈ ದೇಶದಲ್ಲಿ, ಈ ನಂಬರಿನಲ್ಲಿ, ಈ ಚಾಸಿಸ್ ಸಂಖ್ಯೆಯೊಂದಿಗೆ ನೋಂದಣಿಯಾಗಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ರಸ್ತೆಯಲ್ಲಿ ಓಡಿಸುವ ಹಕ್ಕನ್ನು ಮಾತ್ರ ಅದು ಈಗ ಕೊಡುವುದಿಲ್ಲ.

"ಫೈಲ್ ಕೈಲಿದೆ, ಎಂಟೇ ಕಿಲೋಮೀಟರ್"

ಮಾಲೀಕರ ಯೋಜನೆ ಹೀಗಿತ್ತು. ಬೆಳಿಗ್ಗೆ ಬೇಗ ಹೊರಡುವುದು. ಅರ್ಜಿ, ಶುಲ್ಕದ ರಸೀದಿ, ಹಳೇ ಆರ್‌ಸಿ ಎಲ್ಲ ಒಂದು ಫೈಲಿನಲ್ಲಿ ಜೊತೆಗಿರುತ್ತದೆ. ಯಾರಾದರೂ ತಡೆದರೆ ತಪಾಸಣೆಗೇ ಹೋಗುತ್ತಿದ್ದೇನೆ ಎಂದು ತೋರಿಸುವುದು. ಮೆಕ್ಯಾನಿಕ್ ಕೂಡ ಧೈರ್ಯ ಹೇಳಿದ್ದ. "ಎಲ್ರೂ ಹಂಗೇ ಹೋಗೋದು ಸಾರ್, ಏನೂ ಆಗಲ್ಲ."

ತಪಾಸಣೆಗೆ ಹೋಗುವ ಗಾಡಿಗೆ ವಿನಾಯಿತಿ ಇದೆ ಎಂಬ ಮಾತು ನಮ್ಮಲ್ಲಿ ಬಾಯಿಂದ ಬಾಯಿಗೆ ಹರಡಿದೆ. ಕಾಯ್ದೆಯಲ್ಲಿ ಅಂಥದ್ದು ಇಲ್ಲ. 39ನೇ ಕಲಮು ನೇರವಾಗಿದೆ. ನೋಂದಣಿ ಇಲ್ಲದ ಮೋಟಾರು ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಯಾರೂ ಓಡಿಸಬಾರದು, ಮಾಲೀಕ ಬೇರೆಯವರ ಕೈಯಲ್ಲಿ ಓಡಿಸಲೂ ಬಾರದು. ಎಷ್ಟು ದೂರ, ಎಷ್ಟು ಹೊತ್ತಿಗೆ, ಯಾವ ಕೆಲಸಕ್ಕೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹೊರತು ಇಟ್ಟಿರುವುದು ಡೀಲರುಗಳ ಬಳಿ ಇರುವ ಗಾಡಿಗಳಿಗೆ, ಅದೂ ಕೇಂದ್ರ ಸರ್ಕಾರ ಹಾಕುವ ಷರತ್ತಿನ ಮೇಲೆ.

ಇದನ್ನು ಮೀರಿದರೆ 192ನೇ ಕಲಮು. ಮೊದಲ ಸಲ 2,000 ರೂಪಾಯಿಗೆ ಕಡಿಮೆ ಇಲ್ಲದಂತೆ 5,000 ರೂಪಾಯಿವರೆಗೆ ದಂಡ. ಎರಡನೇ ಸಲ ಒಂದು ವರ್ಷದವರೆಗೆ ಜೈಲು, ಇಲ್ಲವೇ 5,000ದಿಂದ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿಮೆ ಇಲ್ಲದ್ದಕ್ಕೆ 196ನೇ ಕಲಮು ಬೇರೆ: ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿ ದಂಡ ಅಥವಾ ಎರಡೂ. ಇದು ಕಾಯ್ದೆಯಲ್ಲಿ ಬರೆದಿರುವ ಲೆಕ್ಕ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡದ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ.

ಇದೇ 192ನೇ ಕಲಮಿನ ಕೆಳಗೆ ಒಂದು ವಿನಾಯಿತಿ ಇದೆ, ಎರಡನೇ ಉಪಕಲಮಿನಲ್ಲಿ. ತುರ್ತು ಹೊತ್ತಿನಲ್ಲಿ ಕಾಯಿಲೆಯವರನ್ನೋ ಗಾಯಗೊಂಡವರನ್ನೋ ಸಾಗಿಸಿದರೆ, ಕಷ್ಟದಲ್ಲಿರುವವರಿಗೆ ಆಹಾರ ಅಥವಾ ಔಷಧಿ ಮುಟ್ಟಿಸಿದರೆ ಈ ಶಿಕ್ಷೆ ಅನ್ವಯಿಸುವುದಿಲ್ಲ. ಹಾಗೆ ಬಳಸಿದ್ದನ್ನು ಏಳು ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ನಾನು ಮಾಲೀಕರಿಗೆ ಓದಿ ಹೇಳಿದ್ದು ಈ ಸಾಲುಗಳನ್ನೇ. ವಿನಾಯಿತಿ ಕೊಡಬೇಕು ಅಂದಾಗ ಕಾಯ್ದೆ ಎಷ್ಟು ವಿವರವಾಗಿ ಬರೆಯುತ್ತದೆ ನೋಡಿ. ತಪಾಸಣೆಗೆ ಹೋಗುವುದನ್ನೂ ಸೇರಿಸಬೇಕು ಅನ್ನಿಸಿದ್ದರೆ ಸೇರಿಸುತ್ತಿದ್ದರು. ಸೇರಿಸಿಲ್ಲ.

ದಂಡ ಕಟ್ಟಿ ಮುಗಿಸಬಹುದು ಅಂದುಕೊಂಡರೂ 207ನೇ ಕಲಮು ಉಳಿಯುತ್ತದೆ. 39ನ್ನು ಮೀರಿ ಓಡಿಸಿದ ಗಾಡಿಯನ್ನು ಪೊಲೀಸರು ವಶಕ್ಕೆ ತೆಗೆದುಕೊಂಡು ಇಟ್ಟುಕೊಳ್ಳಬಹುದು. ಹೊಸ ಗಾಡಿಗೆ ಅದು ನಾಲ್ಕು ದಿನದ ತೊಂದರೆ. ಹೊಸದಾಗಿ ಕ್ರೋಮ್ ಹಾಕಿಸಿದ, ಕೈಯಲ್ಲಿ ಗೆರೆ ಎಳೆದು ಪೇಂಟ್ ಮಾಡಿಸಿದ ಟ್ಯಾಂಕು ಬಿಸಿಲು ಮಳೆಯಲ್ಲಿ ಬಯಲಲ್ಲಿ ನಿಂತರೆ ಆಗುವ ನಷ್ಟ ಯಾವ ದಂಡಕ್ಕಿಂತಲೂ ದೊಡ್ಡದು. ಬಿಡಿಸಿಕೊಳ್ಳಲು ದಾಖಲೆ ತೋರಿಸಬೇಕು. ಆ ದಾಖಲೆ ಬೇಕಾದರೆ ತಪಾಸಣೆ ಆಗಬೇಕು. ತಪಾಸಣೆಗೆ ಗಾಡಿ ಬೇಕು. ಗಾಡಿ ಠಾಣೆಯಲ್ಲಿರುತ್ತದೆ.

ವಿಮೆ ಮಾಡಿಸಿದರೆ ಸಾಕಾ?

"ಹೋಗ್ಲಿ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸಿ ಹೋದ್ರೆ?" ಎಂಬುದು ಅವರ ಮುಂದಿನ ಪ್ರಶ್ನೆ. ವಿಮೆ ಹೇಗಿದ್ದರೂ ಬೇಕು. ಅದು ನೋಂದಣಿಯ ಬದಲಿಗೆ ಬರುವುದಿಲ್ಲ, ಅಷ್ಟೇ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಇಲ್ಲಿ ತುಂಬಾ ಮುಖ್ಯ. ಎರಡೂ ಹೊಸ ಗಾಡಿಗಳ ಪ್ರಕರಣ, ಆದರೆ ತತ್ವ ಹಳೇ ಗಾಡಿಗೂ ಮುಟ್ಟುತ್ತದೆ. ಮೊದಲನೆಯದು 2014ರದ್ದು. ಒಂದು ಪಿಕಪ್ ಗಾಡಿಯ ತಾತ್ಕಾಲಿಕ ನೋಂದಣಿ 2006ರ ಜನವರಿಯಲ್ಲಿ ಮುಗಿದಿತ್ತು. ಖಾಯಂ ನೋಂದಣಿ ಮಾಡಿಸಿರಲಿಲ್ಲ. ಫೆಬ್ರವರಿ ಶುರುವಿನಲ್ಲಿ ಅಪಘಾತವಾಯಿತು. ವಿಮೆ ಚಾಲ್ತಿಯಲ್ಲೇ ಇತ್ತು. ಆದರೂ ಪರಿಹಾರ ಸಿಗಲಿಲ್ಲ. ನೋಂದಣಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸಿದ್ದು ಪಾಲಿಸಿಯ ಮೂಲ ಷರತ್ತನ್ನೇ ಮುರಿದಂತೆ ಎಂದಿತು ಕೋರ್ಟು.

ಎರಡನೆಯದು 2021ರ ಸೆಪ್ಟೆಂಬರ್ ಕೊನೆಯದ್ದು. ಬೊಲೆರೊ ಗಾಡಿ. ತಾತ್ಕಾಲಿಕ ನೋಂದಣಿ ಮುಗಿದು ವಾರ ಕಳೆದಿತ್ತು. ಮಾಲೀಕರು ಅದರಲ್ಲಿ ಜೋಧಪುರಕ್ಕೆ ಹೋಗಿದ್ದರು. ರಾತ್ರಿ ಅತಿಥಿಗೃಹದ ಹೊರಗೆ ನಿಲ್ಲಿಸಿದ್ದ ಗಾಡಿ ಕಳುವಾಯಿತು. ಅಪಘಾತ ಅಲ್ಲ, ಓಡಿಸುವಾಗ ಆದದ್ದೂ ಅಲ್ಲ, ನಿಲ್ಲಿಸಿದ್ದ ಗಾಡಿಯ ಕಳ್ಳತನ. ಆದರೂ ಚಾಲ್ತಿ ನೋಂದಣಿ ಇಲ್ಲದೆ ಅಲ್ಲಿಯವರೆಗೆ ಓಡಿಸಿಕೊಂಡು ಬಂದದ್ದೇ ಷರತ್ತು ಮುರಿದಂತೆ, ವಿಮಾ ಕಂಪನಿ ಹಣ ಕೊಡಬೇಕಿಲ್ಲ ಎಂದು ತೀರ್ಪಾಯಿತು.

ಈ ಎರಡನೇ ತೀರ್ಪನ್ನು ಹೇಳಿದಾಗ ಮಾಲೀಕರು ಸುಮ್ಮನಾದರು. ಅವರು ಯೋಚಿಸಿದ್ದು ದಾರಿಯಲ್ಲಿ ಪೊಲೀಸರು ಹಿಡಿಯುವುದರ ಬಗ್ಗೆ ಮಾತ್ರ. ಆರ್‌ಟಿಒ ಗೇಟಿನ ಹೊರಗೆ ನಿಲ್ಲಿಸಿ ಜೆರಾಕ್ಸ್ ಮಾಡಿಸಲು ಹೋದಾಗ ಬೈಕು ಕಳುವಾದರೂ ಇದೇ ಗತಿ ಎಂದು ಹೊಳೆದಿರಲಿಲ್ಲ. ಇನ್ನು ದಾರಿಯಲ್ಲಿ ಯಾರಿಗಾದರೂ ಡಿಕ್ಕಿಯಾದರೆ? ನೊಂದವರಿಗೆ ವಿಮಾ ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ಷರತ್ತು ಮುರಿದ ಪ್ರಕರಣಗಳಲ್ಲಿ ಕೋರ್ಟುಗಳು ಹೇಳಿದ್ದುಂಟು. ಆಗ ಬೈಕಿನ ಬೆಲೆ ಮಾತ್ರವಲ್ಲ, ಮನೆ ಮಾರುವ ಮಟ್ಟದ ಹೊರೆ ಮಾಲೀಕನ ತಲೆ ಮೇಲೆ ಬೀಳಬಹುದು.

ರಿಪೇರಿ ಆದ ಮೇಲೆ ಮೆಕ್ಯಾನಿಕ್ ಹೊಡೆಯುವ ಟ್ರಯಲ್ಲಿಗೂ ಇದೇ ಲೆಕ್ಕ. ಗ್ಯಾರೇಜಿನ ಮುಂದಿನ ಬೀದಿಯೂ ಸಾರ್ವಜನಿಕ ಜಾಗವೇ. ಮಾಲೀಕ ಗೊತ್ತಿದ್ದೂ ಬಿಟ್ಟರೆ ಅವರೂ ಜವಾಬ್ದಾರರು. ಈ ಜಾವಾದ ಟ್ರಯಲ್ಲನ್ನು ಪರಿಚಯದವರ ತೆಂಗಿನ ತೋಟದ ಒಳಗಿನ ಹಾದಿಯಲ್ಲಿ, ಗೇಟು ಮುಚ್ಚಿ ಮಾಡಿದೆವು. ಬ್ರೇಕು ಎಡಕ್ಕೆ ಎಳೆಯುತ್ತಿದ್ದದ್ದು ಗೊತ್ತಾದದ್ದೂ ಅಲ್ಲೇ.

ಬೇರೆ ದಾರಿಗಳು

ಹಾಗಾದರೆ ಕಾನೂನು ಒಪ್ಪುವ ದಾರಿ ಯಾವುದು? ನಾವು ನೋಡಿದ ದಾರಿಗಳು ಹಲವು.

ತಾತ್ಕಾಲಿಕ ನೋಂದಣಿ ಮೊದಲು ನೆನಪಾಗುತ್ತದೆ. 43ನೇ ಕಲಮಿನಲ್ಲಿ ಗಾಡಿಯ ಮಾಲೀಕ ತಾತ್ಕಾಲಿಕ ಸರ್ಟಿಫಿಕೇಟ್ ಮತ್ತು ತಾತ್ಕಾಲಿಕ ನಂಬರಿಗೆ ಅರ್ಜಿ ಹಾಕಬಹುದು. ಈ ದೇಶದಲ್ಲಿ ಒಮ್ಮೆಯೂ ನೋಂದಣಿಯಾಗದ, ಹೊರದೇಶದಿಂದ ತಂದ ಹಳೇ ಕಾರಿಗೆ ಇದನ್ನು ಬರಹದಲ್ಲಿ ಕೇಳಿ ನೋಡುವುದು ಒಳ್ಳೆಯದು. ಕೈಗೆ ಸಿಕ್ಕರೆ, ಅದರ ಅವಧಿಯೊಳಗೆ ಓಡಿಸಬಹುದು. ನಮ್ಮ ಜಾವಾಕ್ಕೆ ಅದು ಹೊಂದಲಿಲ್ಲ. ಅದಕ್ಕೆ ಆಗಲೇ ಒಂದು ಖಾಯಂ ನಂಬರ್ ಇದೆ, ಬೇಕಿರುವುದು ಅದರ ನವೀಕರಣ.

ಟ್ರೇಡ್ ಸರ್ಟಿಫಿಕೇಟ್ ಇನ್ನೊಂದು. ಶೋರೂಂನಿಂದ ಗಾಡಿ ಹೊರಗೆ ತರುವಾಗ ಹಾಕುವ ಕೆಂಪು ಬಣ್ಣದ ಟಿಸಿ ನಂಬರ್ ಪ್ಲೇಟ್ ನೋಡಿರುತ್ತೀರಿ. ನೋಂದಣಿಗೆ ಒಯ್ಯುವುದು, ತರುವುದು ಅದರ ಬಳಕೆಗಳಲ್ಲೊಂದು. ಆದರೆ ಅದು ವ್ಯಾಪಾರಸ್ಥರಿಗೆ, ಅವರ ವ್ಯಾಪಾರದ ಗಾಡಿಗಳಿಗೆ. "ನನ್ನ ಸ್ನೇಹಿತ ಡೀಲರ್, ಅವನ ಟಿಸಿ ಪ್ಲೇಟ್ ಕಟ್ಕೊಂಡು ಹೋಗ್ತೀನಿ" ಅಂದರೆ ಸ್ನೇಹಿತನನ್ನೂ ತೊಂದರೆಗೆ ಎಳೆದಂತೆ.

ಹಗ್ಗ ಕಟ್ಟಿ ಎಳೆಯುವುದೂ ಉತ್ತರ ಅಲ್ಲ. ರಸ್ತೆ ನಿಯಮಗಳಲ್ಲಿ ಎಳೆದೊಯ್ಯಲು ಅವಕಾಶ ಇರುವುದು ಕೆಟ್ಟು ನಿಂತ ಗಾಡಿಗೆ, ಹತ್ತಿರದ ಗ್ಯಾರೇಜೋ ಪೆಟ್ರೋಲ್ ಬಂಕೋ ಮುಟ್ಟಿಸಲು. ಚೆನ್ನಾಗಿರುವ ಬೈಕನ್ನು ಊರಿನ ಆಚೆ ತುದಿಯ ಕಚೇರಿಗೆ ಎಳೆದು ತರಲು ಅಲ್ಲ. ಎರಡು ಚಕ್ರದ ಗಾಡಿಯನ್ನು ಹಗ್ಗದಲ್ಲಿ ಎಳೆಯುವುದು ಜೀವಕ್ಕೂ ಅಪಾಯ.

ಇಲ್ಲಿ ಬ್ರಿಟನ್ನಿನ ಮಾತು ಹೇಳಲೇಬೇಕು. ಅಲ್ಲಿ ವಾರ್ಷಿಕ ತಪಾಸಣೆಗೆ ಎಂಒಟಿ ಎನ್ನುತ್ತಾರೆ. ಮುಂಚೆಯೇ ದಿನ ಮತ್ತು ಹೊತ್ತು ಗೊತ್ತುಮಾಡಿಕೊಂಡಿದ್ದರೆ ರಸ್ತೆ ತೆರಿಗೆ ಕಟ್ಟದ, ಎಂಒಟಿ ಮುಗಿದ ಗಾಡಿಯನ್ನೂ ತಪಾಸಣೆಗೆ ಓಡಿಸಿಕೊಂಡು ಹೋಗಲು 1994ರ ವಾಹನ ತೆರಿಗೆ ಮತ್ತು ನೋಂದಣಿ ಕಾಯ್ದೆಯ ಅನುಬಂಧದಲ್ಲಿ ಮತ್ತು ತಪಾಸಣಾ ನಿಯಮಗಳಲ್ಲಿ ಅವಕಾಶ ಬರೆದಿದ್ದಾರೆ. ವಿಮೆ ಮಾತ್ರ ಇರಲೇಬೇಕು, ಗಾಡಿ ರಸ್ತೆಗೆ ಯೋಗ್ಯವಾಗಿಯೂ ಇರಬೇಕು. ಅಲ್ಲಿನ ಕನ್ನಡಿಗ ಗೆಳೆಯರು ಇದನ್ನು ಹೇಳಿದಾಗ ಇಲ್ಲಿಯವರು ನಮ್ಮಲ್ಲೂ ಹೀಗೇ ಅಂದುಕೊಳ್ಳುತ್ತಾರೆ. ತಪ್ಪು ತಿಳಿವಳಿಕೆಯ ಒಂದು ಬೇರು ಅಲ್ಲಿದೆ ಎಂದು ನನ್ನ ಅನಿಸಿಕೆ. ಬ್ರಿಟನ್ನಿನ ಈ ಏರ್ಪಾಡು ನಮಗೂ ಬರಬೇಕು. ಆರ್‌ಟಿಒ ಸ್ಲಾಟ್ ಈಗ ಆನ್‌ಲೈನಿನಲ್ಲೇ ಸಿಗುತ್ತದೆ, ದಿನಾಂಕ ಸಮೇತ. ಆ ಒಂದು ದಿನ, ಆ ಒಂದು ದಾರಿಗೆ ಅನುಮತಿಯನ್ನು ಅದೇ ಕಾಗದದಲ್ಲಿ ಅಚ್ಚು ಮಾಡಿ ಕೊಡುವುದು ಕಷ್ಟದ ಕೆಲಸವಲ್ಲ. ಬರುವವರೆಗೆ ಮಾತ್ರ ಇಲ್ಲಿನ ಕಾನೂನನ್ನೇ ಪಾಲಿಸಬೇಕು.

ಕೊನೆಗೆ ಉಳಿದದ್ದು ಗಾಡಿಯ ಮೇಲೆ ಗಾಡಿ ಹೇರುವುದು. ಹಳದಿ ಪ್ಲೇಟಿನ ಟಾಟಾ ಏಸ್ ಬಾಡಿಗೆಗೆ ಹಿಡಿದೆವು. ಹೀಗೆ ಒಯ್ದಾಗ ಜಾವಾ ರಸ್ತೆಯಲ್ಲಿ ಓಡುವ ಗಾಡಿಯಲ್ಲ, ಬರೀ ಸಾಮಾನು. 39ನೇ ಕಲಮು ಅದರ ತಂಟೆಗೆ ಬರುವುದಿಲ್ಲ.

ಹೇರುವ ಕೆಲಸದಲ್ಲಿ ಕೆಲವು ಗಮನಿಸಬೇಕಾದ್ದು. ಪೆಟ್ರೋಲ್ ಕಾಕ್ ಮುಚ್ಚಿ, ಟ್ಯಾಂಕಿನಲ್ಲಿ ತಪಾಸಣೆಗೆ ಬೇಕಾದಷ್ಟೇ ಪೆಟ್ರೋಲ್ ಇಟ್ಟುಕೊಳ್ಳಬೇಕು. ಟೂ ಸ್ಟ್ರೋಕ್ ಆದ್ದರಿಂದ ಆಯಿಲ್ ಬೆರೆಸಿದ ಪೆಟ್ರೋಲನ್ನೇ ಒಂದು ಕ್ಯಾನಿನಲ್ಲಿ ಜೊತೆಗೆ ಒಯ್ಯುವವರುಂಟು, ಅದು ಬೇಡ. ಹಲಗೆ ಅಗಲವಾಗಿರಬೇಕು, ಮೂರು ಜನ ಇರಬೇಕು. ಹಗ್ಗವನ್ನು ಹ್ಯಾಂಡಲಿಗೆ ಕಟ್ಟಬೇಡಿ, ಕೆಳಗೆ ಫೋರ್ಕಿನ ಕ್ಲ್ಯಾಂಪಿಗೆ ಎರಡೂ ಕಡೆಯಿಂದ ಬಿಗಿಯಿರಿ. ಹಗ್ಗ ಟ್ಯಾಂಕಿಗೆ ತಾಕುವಲ್ಲಿ ಹಳೇ ಬೆಡ್‌ಶೀಟ್ ಮಡಿಸಿಡಿ. ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಬಿಗಿದರೆ ಹಂಪಿನಲ್ಲಿ ಸ್ಟ್ಯಾಂಡು ಬಾಗುತ್ತದೆ.

ಆರ್‌ಟಿಒ ಅಂಗಳದಲ್ಲಿ

ಇದಕ್ಕೂ ಮುಂಚೆ ಕಾಗದದ ಕೆಲಸ ಮುಗಿದಿತ್ತು. ಹಳೇ ಪುಸ್ತಕವನ್ನು ಆರ್‌ಟಿಒದ ಬಿ ರಿಜಿಸ್ಟರಿನ (ಕಚೇರಿಯಲ್ಲೇ ಇರುವ ನೋಂದಣಿ ಪುಸ್ತಕ) ಜೊತೆ ತಾಳೆ ನೋಡಿಸಿ, ವಾಹನ್‌ನಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಬೇಕು. ಇದು ಆಗದೆ ಆನ್‌ಲೈನಿನಲ್ಲಿ ಯಾವ ಅರ್ಜಿಯೂ ಮುಂದೆ ಹೋಗದು. ಈ ಪ್ರಕರಣದಲ್ಲಿ ಜಾಸ್ತಿ ಸಮಯ ತಿಂದದ್ದು ಇದೇ. ಪುಸ್ತಕದಲ್ಲಿ ಹೆಸರಿರುವ ತಂದೆ ತೀರಿಕೊಂಡಿರುವುದರಿಂದ ಹೆಸರು ಬದಲಾವಣೆಗೆ ಫಾರಂ 31, ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ತಾಯಿ ಮತ್ತು ತಂಗಿಯ ಒಪ್ಪಿಗೆಯ ಅಫಿಡವಿಟ್. ನವೀಕರಣಕ್ಕೆ ಫಾರಂ 25. ಚಾಸಿಸ್ ಮತ್ತು ಇಂಜಿನ್ ನಂಬರ್ ಮೇಲೆ ವಿಮೆ. ಹೊಗೆ ತಪಾಸಣೆಗೂ ಏಸ್ ಮೇಲೇ ಹೋದದ್ದು. ಅದೂ ಒಂದು ತಪಾಸಣೆಯೇ, ಅದಕ್ಕೂ ದಾರಿಯ ವಿನಾಯಿತಿ ಇಲ್ಲ.

ತಪಾಸಣೆ ಮಾಡುವವರು ಮೋಟಾರು ವಾಹನ ನಿರೀಕ್ಷಕರು. ನಮ್ಮ ಕಡೆ ಹಳಬರು ಈಗಲೂ ಬ್ರೇಕ್ ಇನ್‌ಸ್ಪೆಕ್ಟರ್ ಅನ್ನುತ್ತಾರೆ. ಅವರು ಮೊದಲು ನೋಡಿದ್ದು ಗಾಡಿಯ ಅಂದ ಅಲ್ಲ, ನಂಬರುಗಳನ್ನು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಬೇಕು. ಹೊಸ ಪೇಂಟ್ ದಪ್ಪವಾಗಿ ಕೂತರೆ ಅಂಕಿಗಳು ಮೂಡುವುದಿಲ್ಲ. ಪೇಂಟ್ ಮಾಡುವವರಿಗೆ ಆ ಜಾಗಕ್ಕೆ ಟೇಪ್ ಅಂಟಿಸಲು ಮುಂಚೆಯೇ ಹೇಳಿದ್ದರಿಂದ ಇಲ್ಲಿ ಅಂಕಿಗಳು ಸ್ಪಷ್ಟವಾಗಿ ಬಂದವು. ಎಷ್ಟೋ ಒಳ್ಳೆಯ ಗಾಡಿಗಳು ಈ ಒಂದು ಕಾರಣಕ್ಕೆ ವಾಪಸ್ ಹೋಗಿವೆ. ಉಜ್ಜಿ ಅಳಿಸಿದ ಹಾಗೆ ಕಂಡರಂತೂ ಅನುಮಾನ ಬರುವುದು ಸಹಜ.

ಆಮೇಲೆ ಹಾರ್ನು, ಬ್ರೇಕು, ದೀಪ. ಹೆಡ್‌ಲೈಟಿನ ಮೇಲಿನ ತೂತಿಗೆ ಕೀ ಒತ್ತಿ ಸ್ಟಾರ್ಟ್ ಮಾಡಿದರು. 6 ವೋಲ್ಟಿನ ಗಾಡಿ. ಐಡ್ಲಿಂಗಿನಲ್ಲಿ ಲೈಟು ಮಂಕು. ಆಕ್ಸಿಲರೇಟರ್ ತಿರುಗಿಸಿದರೆ ಬೆಳಕು ಏರುತ್ತದೆ. ಅದು ದೋಷವಲ್ಲ, ಆ ಗಾಡಿಯ ಗುಣ ಎಂದು ಮಾಲೀಕರು ವಿವರಿಸಿದರು. ನಿರೀಕ್ಷಕರು ಒಪ್ಪಿದರು.

"ಒಂದು ರೌಂಡ್ ಹೊಡೀರಿ ನೋಡೋಣ" ಎಂದರು ಅವರು. ಇಲ್ಲೂ ಒಂದು ಸೂಕ್ಷ್ಮ ಇದೆ. ಜನ ಓಡಾಡುವ ಅಂಗಳವೂ ಸಾರ್ವಜನಿಕ ಜಾಗವೇ ಆಗಬಹುದು. ನಿರೀಕ್ಷಕರು ಹೇಳಿದ ಮೇಲೆ, ಅವರ ಕಣ್ಣೆದುರಿಗೆ, ಲೈಸೆನ್ಸ್ ಮತ್ತು ಹೆಲ್ಮೆಟ್ ಇರುವವರು ಅವರು ತೋರಿಸಿದ ಜಾಗದಲ್ಲಷ್ಟೇ ಓಡಿಸಬೇಕು. ಸರದಿ ಬರುವವರೆಗೆ ಗೇಟಿನ ಹೊರಗೆ ಹೋಗಿ ಒಂದು ಸುತ್ತು ಹೊಡೆದು ಇಂಜಿನ್ ಬಿಸಿ ಮಾಡುವ ಅಭ್ಯಾಸ ಬೇಡವೇ ಬೇಡ.

ವಾಪಸ್ ಬರುವ ದಾರಿ

ತಪಾಸಣೆ ಪಾಸ್ ಆಯಿತು. ಎಲ್ಲರಿಗೂ ಖುಷಿ. ಮಾಲೀಕರು ಹೆಲ್ಮೆಟ್ ಕೈಗೆತ್ತಿಕೊಂಡು "ಈಗ ಓಡಿಸ್ಕೊಂಡು ಹೋಗ್ಬಹುದಲ್ವಾ?" ಎಂದರು.

ಆಗಲೂ ಇಲ್ಲ. ತಪಾಸಣೆ ಪಾಸ್ ಆಗುವುದು ಒಂದು, ನೋಂದಣಿ ಚಾಲ್ತಿಗೆ ಬರುವುದು ಇನ್ನೊಂದು. ನಿರೀಕ್ಷಕರ ವರದಿ ಮೇಲೆ ಅಧಿಕಾರಿ ಮಂಜೂರು ಮಾಡಬೇಕು, ವಾಹನ್‌ನಲ್ಲಿ ಹೊಸ ಅವಧಿ ಕಾಣಬೇಕು. ಅಲ್ಲಿಯವರೆಗೆ ಬೆಳಿಗ್ಗೆ ಇದ್ದ ಸ್ಥಿತಿಯೇ ಸಂಜೆಗೂ. ಏಸ್ ಬಾಡಿಗೆ ಮಾತಾಡುವಾಗಲೇ ಹೋಗಿಬರುವ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಸೇರಿಸಿ ಮಾತಾಡಿ. ಒಂದು ಕಡೆಗೆ ಮಾತ್ರ ಮಾತಾಡಿದವರು ಖರ್ಚು ಉಳಿಸಲು ವಾಪಸ್ ಓಡಿಸಿಕೊಂಡೇ ಬರುತ್ತಾರೆ. ಹೋಗುವಾಗ ಇಷ್ಟೆಲ್ಲ ಜಾಗ್ರತೆ ಮಾಡಿದ್ದು ಅಲ್ಲಿ ವ್ಯರ್ಥ.

ವಿಂಟೇಜ್ ನೋಂದಣಿ ಯಾಕೆ ಬೇಡವಾಯಿತು

50 ವರ್ಷ ದಾಟಿದ ಗಾಡಿ ಅಲ್ವಾ, ವಿಂಟೇಜ್ ಮಾಡಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಮಾಡಿಸಬಹುದಿತ್ತು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 81ಎಯಿಂದ ಶುರುವಾಗುವ ಹೊಸ ನಿಯಮಗಳು ಸೇರಿದವು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳು ಇದಕ್ಕೆ ಅರ್ಹ. ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಫಾರಂ 20ರ ಜೊತೆ ವಿಮೆ, ಶುಲ್ಕ, ಇದ್ದರೆ ಹಳೇ ಆರ್‌ಸಿ, ಆಮದು ಗಾಡಿಯಾದರೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ಕಾಗದ). ರಾಜ್ಯದ ಸಮಿತಿ ಗಾಡಿಯನ್ನು ನೋಡಿ ಒಪ್ಪಬೇಕು. 60 ದಿನದೊಳಗೆ ಫಾರಂ 23ಎಯಲ್ಲಿ ಸರ್ಟಿಫಿಕೇಟ್. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5,000. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ ವಿಎ ಬರುತ್ತದೆ. ಆಗಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.

ಆದರೆ ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥ ಕೆಲಸಗಳಿಗೆ ಮಾತ್ರ. ಈ ಮಾಲೀಕರಿಗೆ ಬೇಕಿದ್ದದ್ದು ಭಾನುವಾರ ತಂಗಿಯ ಮನೆಗೆ, ಆಗಾಗ ಚಾಮುಂಡಿ ಬೆಟ್ಟಕ್ಕೆ ಹೋಗಿಬರುವ ಗಾಡಿ. ಸಾಮಾನ್ಯ ನವೀಕರಣವೇ ಅವರಿಗೆ ಸರಿ ಎಂದು ನಾನು ಹೇಳಿದೆ. 2025ರ ಆಗಸ್ಟಿನ ತಿದ್ದುಪಡಿ ಪ್ರಕಾರ 20 ವರ್ಷ ದಾಟಿದ ಬೈಕಿನ ನವೀಕರಣಕ್ಕೆ ಕೇಂದ್ರದ ಶುಲ್ಕ 2,000 ರೂಪಾಯಿ. ತಡವಾದ ತಿಂಗಳುಗಳ ಹೆಚ್ಚುವರಿ ಶುಲ್ಕ, ರಾಜ್ಯದ ಹಸಿರು ತೆರಿಗೆ ಬೇರೆ. ಗಾಡಿ ಬರೀ ಪ್ರದರ್ಶನಕ್ಕೆ ಅನ್ನುವವರಿಗೆ, ಹೊರಗಿನಿಂದ ತಂದವರಿಗೆ ವಿಂಟೇಜ್ ದಾರಿಯೇ ವಾಸಿ. ಆದರೆ ಆ ದಾರಿ ಹಿಡಿದರೂ ಸಮಿತಿಯ ಮುಂದೆ ಗಾಡಿ ತರುವ ಹೊತ್ತಿಗೆ ವಿಂಟೇಜ್ ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿರುವುದಿಲ್ಲ. ರ‍್ಯಾಲಿಗೆ ಹೋಗಲು ಸಿಗುವ ಅವಕಾಶ ಆಗ ಲಾಗೂ ಆಗುವುದಿಲ್ಲ. ಅಲ್ಲಿಗೂ ಹೇರಿಕೊಂಡೇ ಹೋಗಬೇಕು.

ವಿಮೆಯ ವಿಷಯದಲ್ಲಿ ಇನ್ನೊಂದು ಮಾತು. ವಾಹನ ವಿಮೆಯ ದರ ಮತ್ತು ಷರತ್ತುಗಳ ಪಟ್ಟಿಯಾಗಿದ್ದ ಹಳೆಯ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿ ವಿಂಟೇಜ್ ಕಾರು ಅಂದರೆ 1940ರ ಡಿಸೆಂಬರ್ 31ಕ್ಕಿಂತ ಮುಂಚೆ ತಯಾರಾದದ್ದು. ಆರ್‌ಟಿಒ ವಿಂಟೇಜ್ ಎಂದು ಒಪ್ಪಿದ 1970ರ ಕಾರನ್ನು ವಿಮಾ ಕಂಪನಿಯೂ ಹಾಗೇ ಒಪ್ಪುತ್ತದೆ ಎಂದುಕೊಳ್ಳಬೇಡಿ. ಪಾಲಿಸಿ ಮಾಡಿಸುವಾಗಲೇ ಬೆಲೆ ಎಷ್ಟಕ್ಕೆ ಎಂದು ಬರೆಸಿಕೊಳ್ಳಿ.

ಈ ಜಾವಾದ ಆರ್‌ಸಿ ಮಂಜೂರಾಗಿ ಬಂತು. ಹೆಸರು ಮಗನದ್ದು, ನಂಬರ್ ಅಪ್ಪನ ಕಾಲದ್ದೇ. ನವೀಕರಣದ ಅವಧಿ 5 ವರ್ಷ. ಮುಗಿಯುವ ದಿನಕ್ಕೆ ಮುಂಚಿನ 60 ದಿನದೊಳಗೆ ಮುಂದಿನ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶ ಇದೆ. ಆ ದಿನವನ್ನು ಅವರು ಫೋನಿನಲ್ಲಿ ಗುರುತು ಮಾಡಿಕೊಂಡಿದ್ದಾರೆ. ಅವಧಿ ಇರುವಾಗಲೇ ಅರ್ಜಿ ಹಾಕಿ, ಅವಧಿ ಇರುವಾಗಲೇ ತಪಾಸಣೆಯ ದಿನ ಸಿಕ್ಕರೆ, ಆ ಎಂಟು ಕಿಲೋಮೀಟರನ್ನು ಕಾನೂನುಬದ್ಧವಾಗಿ ಓಡಿಸಿಕೊಂಡೇ ಹೋಗಬಹುದು. ಏಸ್ ಬೇಕಾಗುವುದಿಲ್ಲ.